ಪುಟ್ಟಬಸಮ್ಮ ಹೇಳದೆ ಬಿಟ್ಟದ್ದು

ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿದ್ದ ಪುಟ್ಟಬಸಮ್ಮ ಊದುಬತ್ತಿ ಹೊಸೆಯುವ ಕೆಲಸ ಹಿಡಿದದ್ದು ಸಂಪಾದನೆಗೆಂದು ಎಲ್ಲರೂ ತಿಳಿದಿದ್ದರು. ನಿಜವಾದ ಕಾರಣ ಬೇರೆ. ಐದನೇ ಹೆರಿಗೆಯಾದ ಮೇಲೆ ಆಕೆಗೆ ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಮೂತ್ರ ಸೋರುತ್ತಿತ್ತು. ಊದುಬತ್ತಿಯ ಮಸಾಲೆ ಕಲಸಿಟ್ಟ ಕೋಣೆಯಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಬಡಿಯುವುದಿಲ್ಲವಲ್ಲ! ಹೆಂಗಸಿನ ಬುದ್ಧಿವಂತಿಕೆ ಎಂಥೆಂಥ ಕಡೆ ಖರ್ಚಾಗಬೇಕಾಗುತ್ತದೆ ನೋಡಿ.

ಆದರೆ ಕೊರಳಲ್ಲಿದ್ದ ಲಿಂಗಕ್ಕೆ ಏನು ಹೇಳುವುದು? ಬೆಳಿಗ್ಗೆ ಮಿಂದು, ಒಗೆದ ಸೀರೆ ಉಟ್ಟು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಪೂಜೆ ಮುಗಿಯುವುದರೊಳಗೆ ಸೀರೆ ಒದ್ದೆ. ಮತ್ತೆ ಸ್ನಾನ, ಮತ್ತೆ ಪೂಜೆ. ಒಂದೊಂದು ದಿನ ಮೂರು ಸಲ. ಎಂಟು ವರ್ಷ ಹೀಗೆ ಹೆಣಗಾಡಿ, ೧೯೫೭ರಲ್ಲಿ ಗಂಡ ಚನ್ನಬಸವಯ್ಯನಿಗೆ ಬಾಯಿಬಿಟ್ಟು ಹೇಳಿದಳು. ಆತ ಬೈಯಲಿಲ್ಲ, ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿಸಿದ.

ಸೋರುವುದು ನಿಂತಿತು. ಅದರ ಜೊತೆಗೆ ಮೂತ್ರ ಸಲೀಸಾಗಿ ಹೊರಗೆ ಬರುವುದೂ ನಿಂತಿತು. ಬಚ್ಚಲಿನಲ್ಲಿ ಅರ್ಧ ಗಂಟೆ ತಿಣುಕಿದರೆ ನಾಲ್ಕು ಹನಿ. ಎದ್ದು ಬಂದರೂ ಹೊಟ್ಟೆ ಬಿಗಿ, ಉರಿ, ತಿಂಗಳಿಗೊಮ್ಮೆ ಚಳಿಜ್ವರ. ತೋರಿಸಲು ಹೋದಾಗ ಡಾಕ್ಟರು "ಈಗ ಹೇಗಿದೆ?" ಎಂದು ಕೇಳಿದರು. ಪರಗಂಡಸಿನ ಮುಂದೆ ಆ ಮಾತಾಡಲು ನಾಚಿ ಪುಟ್ಟಬಸಮ್ಮ ಗಂಡನ ಮುಖ ನೋಡಿದಳು. "ಎಲ್ಲಾ ಚೆನ್ನಾಗದೆ ಬುದ್ಧಿ, ಸೋರದು ನಿಂತದೆ" ಎಂದ ಚನ್ನಬಸವಯ್ಯ. ಪಾಪ, ಆತನಿಗೆ ಗೊತ್ತಿದ್ದದ್ದು ಅಷ್ಟೇ.

ಆಪರೇಷನ್ನಿನ ಸುದ್ದಿ ಹಬ್ಬಿ ವಠಾರದ ಹೆಂಗಸರಿಗೂ ಅಷ್ಟೇ ಗೊತ್ತಾಗಿತ್ತು. ಜೊತೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದ ಪಕ್ಕದ ಮನೆಯ ಇಂದ್ರಮ್ಮನಿಗೂ ಇದೇ ಸೋರುವ ಕಾಯಿಲೆ. ೧೯೬೧ರ ಒಂದು ಮಧ್ಯಾಹ್ನ ಆಕೆ ದನಿ ತಗ್ಗಿಸಿ ಕೇಳಿದಳು: "ಅಕ್ಕ, ನಾನೂ ಆಪರೇಷನ್ ಮಾಡಿಸ್ಕೊಳ್ಲಾ?"

"ಒಂದು ತೊಟ್ಟೂ ಸೋರಲ್ಲ ಕಣಮ್ಮ. ನೆಮ್ಮದಿಯಾಗಿ ಪೂಜೆಗೆ ಕೂತ್ಕತೀನಿ" ಎಂದಳು ಪುಟ್ಟಬಸಮ್ಮ.

ಸುಳ್ಳೇನಲ್ಲ. ಉಳಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಷ್ಟೋ ವರ್ಷ ಮೂಲೆ ಹಿಡಿದು ಕೂತಿದ್ದವಳನ್ನು ಈಗ ಒಬ್ಬಳು ಆಸೆಗಣ್ಣಿನಿಂದ ನೋಡುತ್ತಿದ್ದಳು. ಆ ನೋಟ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದೊಂದೇ ಕಾರಣ, ಬೇರೆ ಸಬೂಬು ಆಕೆ ಎಂದೂ ಹೇಳಿಕೊಳ್ಳಲಿಲ್ಲ.

ಇಂದ್ರಮ್ಮನೂ ಅದೇ ಆಪರೇಷನ್ ಮಾಡಿಸಿಕೊಂಡಳು. ಮೂರು ತಿಂಗಳಾದ ಮೇಲೆ ಒಂದು ದಿನ ಹಿತ್ತಲಿಗೆ ಬಂದು, ಗೋಡೆ ಹಿಡಿದು ನಿಂತು ಅತ್ತಳು. "ಎಷ್ಟು ತಿಣುಕಿದ್ರೂ ಬರಲ್ಲ ಕಣಕ್ಕ. ನಾನೇನು ಪಾಪ ಮಾಡಿದ್ನೋ, ನಿಮಗೆ ಒಳ್ಳೇದಾಗಿದ್ದು ನನಗ್ಯಾಕೆ ಇಂಗಾಯ್ತು?"

ತೆಪ್ಪಗಿದ್ದಿದ್ದರೆ ಇಂದ್ರಮ್ಮ ತನ್ನ ಹಣೆಬರಹವನ್ನೇ ಬೈದುಕೊಂಡಿರುತ್ತಿದ್ದಳು, ಗೆಳೆತನವೂ ಉಳಿಯುತ್ತಿತ್ತು. ಪುಟ್ಟಬಸಮ್ಮನಿಂದ ಅದು ಆಗಲಿಲ್ಲ. ಆಕೆಯ ಕೈ ಹಿಡಿದುಕೊಂಡಳು.

"ನೀನೇನೂ ಪಾಪ ಮಾಡಿಲ್ಲ ಕಣವ್ವ. ನನಗೂ ಅಂಗೇಯ, ನಾಕು ವರ್ಷದಿಂದ. ನಡಿ, ನಾಳೆ ಇಬ್ಬರೂ ಹೋಗಿ ಡಾಕ್ಟರಿಗೆ ಬಾಯ್ಬುಟ್ಟು ಹೇಳಾನ."

ಇಂದ್ರಮ್ಮ ಕೂಗಾಡಲಿಲ್ಲ. ಕೈ ಬಿಡಿಸಿಕೊಂಡು, ಕಣ್ಣೊರೆಸಿಕೊಂಡಳು.

"ಆವತ್ತೇ ಹೇಳಿದ್ರೆ, ಆ ಸೋರದನ್ನೇ ಇಟ್ಕಂಡು ಬಾಳ್ತಿದ್ನಲ್ಲಕ್ಕ" ಎಂದಳು.