ಆಂಬುಲೆನ್ಸ್ ಚಾಲಕ ಗೇಮ್ ಕನ್ಸೋಲ್ ಕೊಂಡದ್ದು

ರಜೆ ಬಂತೆಂದರೆ ಆ ಆಂಬುಲೆನ್ಸ್ ಚಾಲಕನಿಗೆ ಕೈಕಾಲು ಕಟ್ಟಿಹಾಕಿದಂತಾಗುತ್ತಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೀದಿಯಲ್ಲಿ ಯಾರದೋ ಹಾರ್ನ್ ಕೇಳಿದರೂ ಕೈ ಜೇಬಿನ ಕೀಲಿ ತಡಕುತ್ತಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

"ರೀ, ನೀವು ಹೀಗೆ ಸುತ್ತು ಹಾಕ್ತಿದ್ರೆ ನನ್ನ ಹೊಲಿಗೆ ಅಂಕುಡೊಂಕಾಗುತ್ತೆ. ಟಿವಿಗೆ ಹಾಕಿ ಆಡೋ ಗೇಮ್ ಸಿಗುತ್ತಲ್ಲ, ಒಂದು ತಂದ್ಬಿಡಿ, ಪುಣ್ಯ ಬರುತ್ತೆ."

ಅಂಗಡಿಯಲ್ಲಿ ಕಪ್ಪು ಬಿಳಿ ಕನ್ಸೋಲ್‌ಗಳ ಸಾಲು ನೋಡಿ ಅವನಿಗೆ ಕಣ್ಣು ಕತ್ತಲೆ ಬಂತು. "ಯಾವುದು ಒಳ್ಳೇದು?" ಎಂದ.

"ಏನು ಆಡ್ತೀರಿ ಅನ್ನೋದನ್ನ ಮೊದಲು ಹೇಳಿ, ಸರ್," ಎಂದಳು ಅಂಗಡಿಯಾಕೆ. "ಇದರ ಆಟ ಅದರಲ್ಲಿ ಓಡಲ್ಲ."

"ಮೊಬೈಲಲ್ಲಿ ಹಣ್ಣು ಜೋಡಿಸೋದು," ಎಂದ, ನಾಚಿಕೊಂಡು.

ನೋಡೋಣವೆಂದು ಆಕೆ ಕಾರ್ ರೇಸ್ ಹಾಕಿಕೊಟ್ಟಳು. ಹಿಂದಿನ ಕಾರು ಹಾರ್ನ್ ಮಾಡಿದ್ದೇ ತಡ, ಇವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೀಗೆ ಎಲ್ಲರೂ ಮುಂದೆ ಹೋದರು.

"ಸರ್, ರೇಸಲ್ಲಿ ದಾರಿ ಬಿಡಬಾರದು!"

"ಅವರಿಗೇನು ತುರ್ತೋ ಏನೋ, ಮೇಡಂ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನು ಹೊರಬಿದ್ದು ಬೀದಿಯ ಕೊನೆತನಕ ಹೋದ, ತಿರುಗಿ ಬಂದ. ಈ ಸಲ ಕಣ್ಣು ಬಿದ್ದದ್ದು ಕೈಯಲ್ಲೇ ಹಿಡಿದು ಆಡುವ ಪುಟ್ಟ ಕನ್ಸೋಲ್ ಮೇಲೆ. ಗಾಡಿಯಲ್ಲೂ ಇಟ್ಟುಕೊಳ್ಳಬಹುದು, ಕರೆ ಬರುವ ತನಕ ಹೊತ್ತು ಹೋಗುತ್ತದೆ. ಬಿಲ್ ಮಾಡಿಸಲೆಂದು ಹೊರಟವನಿಗೆ ಥಟ್ಟನೆ ಹೊಳೆಯಿತು: ಕರೆ ಬಂದಾಗ ಆಟ ಮುಗಿಯಲು ಇನ್ನೊಂದು ಚೂರು ಉಳಿದಿದ್ದರೆ? ಬೆರಳು ತಡಮಾಡಿದರೆ? ಅದನ್ನು ಮೇಜಿನ ಮೇಲಿಟ್ಟು, "ಮನೆ ಬಿಟ್ಟು ಆಚೆ ಬರದೇ ಇರೋದು ಕೊಡಿ," ಎಂದ.

ಟಿವಿಗೆ ಹಾಕುವುದೇ ಬಂತು, ಎರಡು ಕಂಟ್ರೋಲರ್ ಸಮೇತ. ಅವನು ಆರಿಸಿ ತಂದದ್ದು ಮೀನು ಹಿಡಿಯುವ ಆಟ. ಮೀನು ಕಚ್ಚಲೊಲ್ಲದು, ಇವನು ಕಾಯಲೊಲ್ಲ. ಎದ್ದು ಮತ್ತೆ ಶತಪಥ ಹಾಕತೊಡಗಿದ. ಹೆಂಡತಿ ಸೂಜಿ ಬಿಟ್ಟು ಬಂದು, ಜೊತೆಗೆ ಪುಕ್ಕಟೆ ಬಂದಿದ್ದ ಕಾರ್ ರೇಸ್ ಹಚ್ಚಿದಳು. ಅವಳದು ಅಡ್ಡಾದಿಡ್ಡಿ ಓಟ.

"ನಿಧಾನ ಕಣೇ, ತಿರುವು!"

"ಸುಮ್ನಿರ್ರಿ!"

ಕಾರು ಗೋಡೆಗೆ ಬಡಿದು ಮೂರು ಪಲ್ಟಿ ಹೊಡೆಯಿತು. ಅವನ ಕೈ ಜೇಬಿನ ಕೀಲಿಗೆ ಹೋಯಿತು. ಅಷ್ಟರಲ್ಲಿ ಕಾರು ತಾನೇ ನೆಟ್ಟಗಾಗಿ, ಏನೂ ಆಗದಂತೆ ಓಡತೊಡಗಿತು. ಹೆಂಡತಿ ಬಿದ್ದು ಬಿದ್ದು ನಕ್ಕಳು.

ಅವನು ಮೆಲ್ಲನೆ ಅವಳ ಪಕ್ಕ ಕೂತ. "ಇನ್ನೊಂದ್ಸಲ ಉರುಳಿಸು, ನೋಡೋಣ."

ಅವಳು ಉರುಳಿಸಿದಳು. ಕಾರು ಮತ್ತೆ ಎದ್ದಿತು. ಅವನೂ ಕಂಟ್ರೋಲರ್ ಹಿಡಿದು ತನ್ನ ಕಾರನ್ನು ಬೇಕೆಂದೇ ಸೇತುವೆಯಿಂದ ಹಾರಿಸಿದ. ರವಿಕೆ ಕೇಳಲು ಬಂದ ಗಿರಾಕಿ ಬಾಗಿಲು ಬಡಿದು ಬಡಿದು, ಒಳಗಿನ ಗಲಾಟೆಗೆ ಬೆರಗಾಗಿ ಹಿಂದಿರುಗಿದಳು.