ಸರ್ವರ್‌ಗೂ ಮಡಿ ಬೇಕಂತೆ

ಏಕಾದಶಿಯ ಬೆಳಿಗ್ಗೆ ದೇವಸ್ಥಾನದ ವೆಬ್‌ಸೈಟ್ ತೆರೆದರೆ ನಾಟಿಕೋಳಿ ಸಾರು, ಮುದ್ದೆ ಬಂತು. ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹೊಳೆನರಸೀಪುರದಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ ಇರುವುದು ನಿಮಗೆ ಗೊತ್ತು. ಸುತ್ತಲಿನ ನಾಲ್ಕು ವೆಬ್‌ಸೈಟ್‌ಗಳನ್ನು ಒಂದೇ ಸರ್ವರ್‌ನಲ್ಲಿಟ್ಟು ನೋಡಿಕೊಳ್ಳುತ್ತೇನೆ. ವಠಾರ ಇದ್ದ ಹಾಗೆ. ಬಾವಿ, ಬಚ್ಚಲು ಒಂದೇ. ಬಾಗಿಲು ಬೇರೆ, ಬೀಗ ಬೇರೆ. ಸೈಟಿಗೆ ಬಂದವರ ವಿವರ ಹೊರಗಿನವರಿಗೆ ಕಾಣದಂತೆ ಕಾಯುವ ಆ ಬೀಗವನ್ನೇ ಎಸ್‌ಎಸ್‌ಎಲ್ ಅನ್ನುವುದು.

ಅರಕಲಗೂಡು ಕಡೆಯ ಒಂದು ದೇವಸ್ಥಾನ (ಹೆಸರು ಬೇಡ, ನಾನೂ ಆ ಊರಿಗೆ ಹೋಗಿ ಬರಬೇಕು) ಹೋದ ವಾರ ಈ ವಠಾರಕ್ಕೆ ಬಂತು. ಬೀಗವಿರುವ ಬಾಗಿಲಿನ ಮೇಲೆ ಅದರ ಹೆಸರು ಬರೆಯುವುದನ್ನು ನಾನು ಮರೆತೆ. ಹೆಸರು ಸಿಗದಿದ್ದರೆ ಸರ್ವರ್ ಏನು ಮಾಡುತ್ತದೆ? ಪಟ್ಟಿಯಲ್ಲಿ ಮೊದಲಿರುವವರ ಮನೆಗೆ ಕಳಿಸುತ್ತದೆ. ಮೊದಲಿದ್ದವರು ಹಿರೀಸಾವೆಯ ಪುಟ್ಟತಾಯಮ್ಮ, ಮಿಲಿಟರಿ ಹೋಟೆಲ್‌ನವರು. ಬೀಗ ಬೇರೆಯವರದೆಂದು ಬ್ರೌಸರ್ ಕೆಂಪಕ್ಷರದಲ್ಲಿ ಎಚ್ಚರಿಸಿತ್ತು. ಅದನ್ನು ಯಾರು ಓದುತ್ತಾರೆ?

ಟ್ರಸ್ಟಿನ ಕಾರ್ಯದರ್ಶಿ ಫೋನ್ ಮಾಡಿ ಬೈದರು. ಬೈಸಿಕೊಂಡೆ. ಹದಿನೈದು ನಿಮಿಷದಲ್ಲಿ ಸರಿ ಮಾಡಿ ಕ್ಷಮೆ ಕೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು ತಾನೇ?

ಸಂಜೆ ಮತ್ತೆ ಅವರದೇ ಫೋನ್. "ಅಲ್ರೀ, ಆ ಕೋಳಿ ಹೋಟ್ಲು ಈಗಲೂ ನಮ್ಮ ಜೊತೇಲೇ ಇದೆಯಂತೆ? ಕಮಿಟಿಯವರೆಲ್ಲ ಕೇಳ್ತಾ ಇದಾರೆ. ಅದನ್ನ ನಾಳೇನೇ ತೆಗೀರಿ. ದೇವರ ಸೈಟು ಕಣ್ರೀ, ಮಡಿ ಬೇಡ್ವಾ?"

ಮೈಯೆಲ್ಲ ಉರಿದುಹೋಯಿತು. ನನ್ನ ವಠಾರಕ್ಕೆ ಬರುವ ಮೊದಲು, ಬೇರೆ ಕಡೆ ಇದ್ದ ಎರಡು ವರ್ಷ ಇದೇ ಸೈಟಿಗೆ ಬೀಗವೇ ಇರಲಿಲ್ಲ. ಸೇವೆಗೆ ಬರೆಸಿದ ಭಕ್ತರ ಫೋನ್ ನಂಬರ್, ಗೋತ್ರ, ನಕ್ಷತ್ರ ಎಲ್ಲ ಬಟಾಬಯಲಿನಲ್ಲಿ ಓಡಾಡುತ್ತಿತ್ತು. ಬೀಗ ಹಾಕಿಸಿ ಎಂದು ಆಗ ನಾನು ಹೇಳಿದ್ದಕ್ಕೆ, "ದೇವರ ಮನೆಗೆ ಯಾರ್ರೀ ಕನ್ನ ಹಾಕ್ತಾರೆ?" ಎಂದು ನಕ್ಕವರೂ ಇವರೇ. ಆಗ ಯಾವ ಕಮಿಟಿಯೂ ಕೂರಲಿಲ್ಲ.

ಆದರೂ (ನಾಚಿಕೆಯಿಂದಲೇ ಬರೆಯುತ್ತಿದ್ದೇನೆ) ದೇವಸ್ಥಾನದವರ ಜೊತೆ ಜಗಳ ಯಾಕೆ ಎಂದು ಪುಟ್ಟತಾಯಮ್ಮನವರಿಗೇ ಫೋನ್ ಮಾಡಿದೆ. ದೇವಸ್ಥಾನದವರ ಮಾತು ತಿಳಿಸಿ, ನಿಮ್ಮ ಸೈಟನ್ನು ಬೇರೆ ಕಡೆ ಸಾಗಿಸಬೇಕು, ಶನಿವಾರ, ಭಾನುವಾರ ಅದು ಇರುವುದಿಲ್ಲ ಎಂದೆ. ಹೈವೇಯಲ್ಲಿ ಬರುವವರು ಮುಂಚಿತವಾಗಿ ಊಟ ಹೇಳುವುದು ಅದರಲ್ಲೇ. ಅವರ ಭಾನುವಾರದ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಆಯಮ್ಮ ಹೇಳಿದ್ದು ಇಷ್ಟು: "ದ್ಯಾವ್ರ ಇಸ್ಯ ಅಂದ್ಮೇಲೆ ತೆಗ್ದುಬುಡಿ ಸಾ. ಒಂದ್ ಭಾನ್ವಾರ ತಾನೆ. ನಂದೂ ಅಲ್ಲಿ ಅರಕೆ ಐತೆ. ಕಾರ್ತೀಕ್ದಲ್ಲಿ ಅನ್ನದಾನಕ್ಕೆ ಅಕ್ಕಿ ಕಳಿಸ್ತೀನಲ್ಲ, ಆ ಸೈಟಲ್ಲೇ ಎಸ್ರು ಬರ್ಸಿವ್ನಿ."

ಫೋನಿಟ್ಟು ದೇವಸ್ಥಾನದ ಸೇವಾ ಪಟ್ಟಿ ತೆರೆದು ಹುಡುಕಿದೆ. ಇತ್ತು. ಎರಡು ವರ್ಷವೂ ಇತ್ತು. ಪುಟ್ಟತಾಯಮ್ಮ, ಹಿರೀಸಾವೆ, ಅಕ್ಕಿ ಎರಡು ಮೂಟೆ. ಪಕ್ಕದಲ್ಲಿ "ಸ್ವೀಕರಿಸಲಾಗಿದೆ" ಎಂದು ಕಾರ್ಯದರ್ಶಿಗಳ ಹೆಸರು.

ಪುಟ್ಟತಾಯಮ್ಮನವರ ಸೈಟನ್ನು ನಾನು ತೆಗೆಯಲಿಲ್ಲ. ಅಷ್ಟು ಮಡಿಯಿದ್ದರೆ ನೀವೇ ವಠಾರ ಬಿಡಿ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. ಕಮಿಟಿಯಲ್ಲಿ ಕೇಳಿ ಹೇಳುತ್ತಾರಂತೆ. ಕೇಳಲಿ. ಹಾಗೆಯೇ ಇದನ್ನೂ ಕೇಳಿಕೊಂಡು ಬರಲಿ:

ಆಯಮ್ಮನ ಅಕ್ಕಿ ದೇವರ ಪಾಕಶಾಲೆಯ ಒಳಗೇ ಹೋಗಬಹುದು, ಹೆಸರು ಮಾತ್ರ ಪಕ್ಕದ ಬಾಗಿಲಲ್ಲೂ ಇರಕೂಡದೇ?