ಹೊಡೆದು ಹಾಕಿದ ಷರತ್ತು

ಶಿಡ್ಲಘಟ್ಟ ಬಸ್ ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿಗೆ ಮಲೇಷ್ಯಾದ ಕ್ಲಬ್ಬಿನವರು ನನ್ನ ಮೂರನೇ ವರ್ಷದ ಬ್ಯಾಸ್ಕೆಟ್‌ಬಾಲ್ ಒಪ್ಪಂದವನ್ನು ಫ್ಯಾಕ್ಸ್ ಮಾಡಿದ್ದರು. ನನ್ನನ್ನು ಬೆಂಗಳೂರು ಬಸ್ಸು ಹತ್ತಿಸಲು ಮೇಲೂರಿನಿಂದ ಬಂದಿದ್ದ ದೊಡ್ಡಪ್ಪ, ನಿವೃತ್ತ ಮೇಷ್ಟ್ರು, ಅದನ್ನು ಓದುತ್ತಾ ಓದುತ್ತಾ ನಕ್ಕುಬಿಟ್ಟರು. ಈ ಸಲ ಹೊಸದೊಂದು ಷರತ್ತು ಸೇರಿತ್ತು: ಒಪ್ಪಂದ ಮುಗಿಯುವವರೆಗೆ ಆಟಗಾರ್ತಿ ಮದುವೆಯಾಗಬಾರದು.

"ಹೆಂಗೂ ಮದುವೆ ಬೇಡ ಅಂತಾನೇ ಇದ್ದೀಯಲ್ಲಮ್ಮ, ಸೈನ್ ಹಾಕು."

"ಆಗೋದು ಬಿಡೋದು ನನ್ನಿಷ್ಟ ದೊಡ್ಡಪ್ಪ. ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳ್ತೀನಿ."

"ಅವರು ನೀನೇ ಬೇಡ ಅಂದ್ಬಿಟ್ರೆ?"

ನನಗೂ ಅದೇ ಭಯ. ಆಟ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಬೂತಿನ ಹೆಂಗಸು ಪೆನ್ನು ಚಾಚಿ, ತೆಲುಗಿನಲ್ಲಿ "ಕೊಟ್ಟೆಯ್ಯಮ್ಮಾ", ಹೊಡೆದು ಹಾಕಿಬಿಡಮ್ಮ, ಅಂದರು. ಆ ಸಾಲನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಸಹಿ ಮಾಡಿ ವಾಪಸ್ ಕಳಿಸಿದೆ.

ಬಸ್ಸು ಬಂತು, ಹೋಯಿತು. ನಾವಿಬ್ಬರೂ ಕದಲಲಿಲ್ಲ. ಮುಂದಿನ ಬಸ್ಸು ಬರುವಷ್ಟರಲ್ಲಿ ಫ್ಯಾಕ್ಸ್ ಮಿಷನ್ ಗೊರಗೊರ ಸದ್ದು ಮಾಡಿ ಅದೇ ಹಾಳೆಯನ್ನು ಹೊರಕ್ಕೆ ತಳ್ಳಿತು. ನಾನೆಳೆದ ಗೆರೆಯ ಕೆಳಗೆ ಮ್ಯಾನೇಜರ್ ಸಹಿ ಇತ್ತು.

ದೊಡ್ಡಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ಬೂತಿನವರ ಕಡೆ ತಿರುಗಿ, "ಇದಕ್ಕೊಂದು ಜೆರಾಕ್ಸ್ ಮಾಡಮ್ಮ, ಮನೇಲಿ ಎಲ್ಲರಿಗೂ ತೋರಿಸ್ಬೇಕು" ಅಂದರು.